ಕೆರೆಯಂಚಿನ ಹಕ್ಕಿಗಳು

ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತಣ ಬಯಲುಸೀಮೆಯಲ್ಲಿ ಮಳೆ ಕಡಿಮೆ. ಆದರೂ ಒಳ್ಳೆಯ ಮಳೆಯಾದ ವರ್ಷ, ಶರದೃತುವಿನಲ್ಲಿ ಇಂಥ ಸೀಮೆಯ ಕೆರೆಗಳಲ್ಲಿ ಬಗೆಬಗೆಯ ಹಕ್ಕಿಗಳು ನೆರೆಯುತ್ತವೆ. ಒಂದೇ ಕೆರೆ ಇವೆಲ್ಲವನ್ನೂ ಸಾಕುವುದು ಹೇಗೆ?

ಉತ್ತರವು ನೀರಿನ ಆಳದಲ್ಲಿದೆ. ಉತ್ತರ ದೇಶಗಳಿಂದ ವಲಸೆ ಬಂದ ಗದ್ದೆಗೊರವವು ಕೆಸರಂಚಿನಲ್ಲಿ ಹುಳುಗಳನ್ನು ಹೆಕ್ಕುತ್ತದೆ. ನೀಳವಾದ ಕೆಂಪು ಕಾಲುಗಳ ಮೆಟ್ಟುಗಾಲು ಹಕ್ಕಿ ತುಸು ಒಳಗಿನ ತೆಳುನೀರಿನಲ್ಲಿ ಮೇಯುತ್ತದೆ. ಸುಮಾರು 1 ಮೀಟರ್ ಎತ್ತರದ ಬಣ್ಣದ ಕೊಕ್ಕರೆ ಇನ್ನೂ ಮುಂದೆ ನಡೆದು, ಅರೆತೆರೆದ ಕೊಕ್ಕನ್ನು ನೀರಿನಲ್ಲಾಡಿಸುತ್ತ, ಮೀನು ತಗುಲಿದೊಡನೆ ಕಚ್ಚಿ ಹಿಡಿಯುತ್ತದೆ. ಆಳದ ನೀರು ಗುಳುಮುಳುಕನ ಪಾಲು. ಅದು ಮುಳುಗಿ ಬೇಟೆಯಾಡುತ್ತದೆ.

ಶಿರಾ ತಾಲ್ಲೂಕಿನ ಕಗ್ಗಲಡುವಿನ ಹುಣಿಸೆಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಅವುಗಳಿಗೆ ಮರವೊಂದೇ ಸಾಲದು; ಕಾಲೂರಿ ಮೀನು ಹಿಡಿಯಲು ತೆಳುನೀರೂ ಬೇಕು. ಹೂಳೆತ್ತುವಾಗ ದಡವನ್ನು ಕಡಿದಾಗಿ ಅಗೆದುಬಿಟ್ಟರೆ, ಕೆರೆ ತುಂಬಿದ್ದರೂ ಇಂಥ ಹಕ್ಕಿಗಳಿಗೆ ಎಡೆಯಿರದು. ಆದುದರಿಂದ ಇಳಿಜಾರಾದ ಅಂಚನ್ನು ಉಳಿಸಿಕೊಂಡೇ ಹೂಳೆತ್ತಬೇಕು.

ವಿದ್ಯಾರ್ಥಿಗಳು ಇದನ್ನು ತಾವೇ ಪರೀಕ್ಷಿಸಬಹುದು. ನೀರಿನಂಚಿನಲ್ಲಿ ಒಂದು ಕೋಲು ನೆಡಿರಿ. ವಾರಕ್ಕೊಮ್ಮೆ ಬೆಳಗ್ಗೆ ದೂರದಲ್ಲಿ ಸದ್ದಿಲ್ಲದೆ ಕುಳಿತು, ಯಾವ ಹಕ್ಕಿಯ ಕಾಲು ಎಷ್ಟು ಮುಳುಗಿದೆಯೆಂದು ಬರೆದಿಡಿರಿ. ನೀರು ಕೋಲಿನಿಂದ ಹಿಂದೆ ಸರಿದಂತೆ ಹಕ್ಕಿಗಳೂ ಸ್ಥಳ ಬದಲಿಸುವುದನ್ನು ನಿಮ್ಮ ಪುಸ್ತಕವೇ ತೋರಿಸುವುದು.