ಹೊತ್ತಿಗೆ ಬಡಿಸಿದ ಊಟ

ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳಲ್ಲಿ ಊರೆಂದರೆ ಬಯಲುಸೀಮೆಯ ಹಾಗೆ ಒತ್ತಾಗಿ ನಿಂತ ಮನೆಗಳ ಸಾಲಲ್ಲ. ಅಡಿಕೆ ತೋಟದ ನಡುವೆ ಒಂದು ಮನೆ. ಗುಡ್ಡ ಇಳಿದು ತೋಡು ದಾಟಿದರೆ ಇನ್ನೊಂದು. ಅಲ್ಲಿ ಯಾರನ್ನಾದರೂ ರಾತ್ರಿಯೂಟಕ್ಕೆ ಕರೆಯುವುದೆಂದರೆ ಅವರ ಒಂದು ಸಂಜೆಯನ್ನೇ ಕೇಳಿ ಪಡೆದಂತೆ. ನೌಕರಿಯ ನಿಮಿತ್ತ ಆ ಸೀಮೆಯಲ್ಲಿ ನೆಲೆಸಿರುವ ನಮ್ಮ ಕುಟುಂಬಗಳೂ ಅವರ ತುಳುನಾಡಿನ ನೆರೆಯವರೂ ಆರೆಂಟು ಮಂದಿ ಕೂಡಿ ಉಣ್ಣುವ ಇಂಥ ಸಂಜೆಗಳನ್ನು ನಾವು ಬಹಳ ಮೆಚ್ಚುತ್ತೇವೆ. ಮದುವೆ, ಗೃಹಪ್ರವೇಶಗಳ ನೂರಾರು ಎಲೆಗಳ ಊಟದಲ್ಲಿ ಯಾರು ಉಂಡರು, ಯಾರು ಬಿಟ್ಟರು ಎಂಬುದನ್ನು ಯಾರೂ ಕಾಣರು. ಮನೆಯ ಸಣ್ಣ ಪಂಕ್ತಿಯಲ್ಲಿ ಪ್ರತಿಯೊಬ್ಬರ ಮುಖವೂ ಕಾಣುತ್ತದೆ. ಆರೋಗ್ಯದ ದೃಷ್ಟಿಯಿಂದ ಅದರ ಹೆಚ್ಚುಗಾರಿಕೆ ಇದೇ.

ಆದರೆ ಈ ಊಟಗಳಲ್ಲಿ ಒಂದು ದೋಷ ಎಲ್ಲೆಡೆ ಕಾಣುತ್ತದೆ: ಕರೆಯುವುದು ಏಳೂವರೆಗೆ, ಎಲೆ ಹಾಕುವುದು ಒಂಬತ್ತೂವರೆಗೆ. ಮಾತಿನಲ್ಲಿ ಹೊತ್ತು ಹೋದದ್ದು ತಿಳಿಯುವುದಿಲ್ಲ. ಅತಿಥಿಗಳಲ್ಲಿ ಒಬ್ಬರು ಮಧುಮೇಹಿಗಳಾಗಿದ್ದು, ನಿತ್ಯದ ಹೊತ್ತಿಗೆ ಇನ್ಸುಲಿನ್ ಚುಚ್ಚಿಕೊಂಡು ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗಿ ಬಂದಿದ್ದರೆ, ಈ ಎರಡು ಗಂಟೆ ಅಪಾಯಕಾರಿ. ಔಷಧ ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಅನ್ನ ಮಾತ್ರ ಹೊಟ್ಟೆ ಸೇರಿರುವುದಿಲ್ಲ. ರಕ್ತದ ಸಕ್ಕರೆ ಕುಸಿಯುತ್ತದೆ. ಬೆವರು, ಕೈನಡುಕ, ಎದೆಬಡಿತ, ಮಾತಿನಲ್ಲಿ ಗೊಂದಲ ಕಾಣಿಸಿಕೊಳ್ಳುತ್ತವೆ. ಮುಂದೆ ಪ್ರಜ್ಞೆಯೂ ತಪ್ಪಬಹುದು. ಬಂದವರು ಸಂಕೋಚದಿಂದ ಬಾಯಿ ಬಿಡುವುದಿಲ್ಲ. ಹಿರಿಯರು ದಣಿದಿದ್ದಾರೆಂದು ಮನೆಯವರು ತಿಳಿಯುತ್ತಾರೆ.

ಇಂಥ ಚಿಹ್ನೆ ಕಂಡೊಡನೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು. ೧೫ ನಿಮಿಷದಲ್ಲಿ ಚೇತರಿಸದಿದ್ದರೆ ಮತ್ತೊಮ್ಮೆ ಕೊಟ್ಟು, ಚೇತರಿಸಿದ ಮೇಲೆ ಊಟ ಬಡಿಸಬೇಕು. ಬಂದವರಿಗೆ ಬೆಲ್ಲ, ನೀರು ಕೊಡುವುದು ಆ ಸೀಮೆಯ ಹಳೆಯ ವಾಡಿಕೆ. ಸಕ್ಕರೆ ಕೈಗೆ ಸಿಗದಿದ್ದರೆ ಆ ಬೆಲ್ಲವನ್ನೇ ಕರಗಿಸಿ ಕೊಡಬಹುದು. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಲಾಗದು. ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ತೋಟದ ಮನೆಯಿಂದ ಪೇಟೆಯ ಆಸ್ಪತ್ರೆಗೆ ಮಳೆಗಾಲದ ರಾತ್ರಿ ಎಷ್ಟು ಹೊತ್ತು ಹಿಡಿಯುತ್ತದೆಂಬುದನ್ನು ಅಲ್ಲಿನವರಿಗೆ ನಾವು ಹೇಳಬೇಕಾಗಿಲ್ಲ. ಇದಕ್ಕೆಲ್ಲ ಎಡೆಗೊಡದ ಉಪಾಯ ಸರಳವಾದುದು. ಕರೆಯುವಾಗಲೇ "ತಮ್ಮ ಔಷಧ, ಊಟ ಎಷ್ಟು ಹೊತ್ತಿಗೆ?" ಎಂದು ಕೇಳುವುದು, ಆ ಹೊತ್ತಿಗೇ ಬಡಿಸುವುದು. ಮಾತುಕತೆ ಊಟವಾದ ಮೇಲೆಯೂ ಆಗುತ್ತದೆ.

ಹೊತ್ತಿಗೆ ಬಡಿಸಬೇಕಾದರೆ ಅಡುಗೆ ಹಗುರವಾಗಿರಬೇಕು. ನೀರುದೋಸೆ ಆ ನಾಡಿನ ಹೆಮ್ಮೆಯೇ ಸರಿ. ಆದರೂ ಅತಿಥಿಗಳು ಬಂದ ದಿನ ಅದು ಬೇಡವೆಂಬುದು ನಮ್ಮ ಅಭಿಪ್ರಾಯ. ಎಲ್ಲರೂ ಉಂಡು ಏಳುವವರೆಗೆ ಮನೆಯ ತಾಯಿ ಕಾವಲಿಯ ಮುಂದೆ ನಿಂತೇ ಇರಬೇಕಾಗುತ್ತದೆ. ಕೊನೆಗೆ ಹತ್ತೂವರೆಗೆ ಅವರೊಬ್ಬರೇ ತಣ್ಣಗಿನದನ್ನು ಉಣ್ಣುತ್ತಾರೆ. ಅವರಿಗೂ ರಕ್ತದೊತ್ತಡವಿರಬಹುದು, ಮಧುಮೇಹವಿರಬಹುದು. ಸಹಪಂಕ್ತಿಯ ಮಾತಾಡುವ ನಾವು ಬಡಿಸುವವರನ್ನು ಪಂಕ್ತಿಯ ಹೊರಗಿಡುವುದು ಹೇಗೆ ಸರಿಯಾದೀತು? ಅದರ ಬದಲು ಹಲಸಿನ ಎಲೆಯ ಕೊಟ್ಟೆಯಲ್ಲಿ ಹಿಟ್ಟು ಹೊಯ್ದು ಬೇಯಿಸುವ ಕೊಟ್ಟಿಗೆಯನ್ನು ಸಂಜೆಯೇ ಹಬೆಗಿಟ್ಟರೆ ಬಡಿಸುವವರೆಗೆ ಬಿಸಿಯಾಗಿರುತ್ತದೆ. ಅಳತೆಯ ಕುಚ್ಚಲಕ್ಕಿ ಅನ್ನ, ಪುನರ್ಪುಳಿ ಸಾರು, ಬಸಳೆಯದೋ ತೊಂಡೆಯದೋ ಒಂದು ಪಲ್ಯ, ಹತ್ತು ನಿಮಿಷದಲ್ಲಿ ಆಗುವ ಒಂದೆಲಗದ ತಂಬುಳಿ, ಕೊನೆಗೆ ಒಂದು ಬಾಳೆಹಣ್ಣು ಇದ್ದರೆ ಎಂಟು ಮಂದಿಗೆ ತೃಪ್ತಿಯ ಊಟ. ಬೆಳ್ತಿಗೆಗಿಂತ ಕುಚ್ಚಲಕ್ಕಿ ನಿಧಾನವಾಗಿ ಜೀರ್ಣವಾಗುತ್ತದೆ, ನಿಜ. ಆದರೂ ಅನ್ನ ಅನ್ನವೇ, ಮಿತಿ ಮೀರಿದರೆ ಸಕ್ಕರೆ ಏರುತ್ತದೆ. ಮಳೆಗಾಲಕ್ಕೆಂದು ಉಪ್ಪುನೀರಿನಲ್ಲಿ ಕಾಪಿಟ್ಟ ಹಲಸಿನ ಸೊಳೆಯ ಪಲ್ಯ ಮಾಡುವುದಾದರೆ ಹಿಂದಿನ ರಾತ್ರಿಯೇ ನೆನೆಹಾಕಿ, ಎರಡು ಮೂರು ಸಲ ನೀರು ಬದಲಿಸಬೇಕು. ದಿನಕ್ಕೆ ೫ ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಸರಿಯಾಗಿ ತೊಳೆಯದ ಉಪ್ಪುಸೊಳೆ, ಮಿಡಿ ಉಪ್ಪಿನಕಾಯಿ, ಹಪ್ಪಳ ಮೂರೂ ಕೂಡಿದರೆ ಅದು ಒಂದೇ ಊಟದಲ್ಲಿ ಮೀರಿಹೋದೀತು.

ಒತ್ತಾಯದ ವಿಷಯದಲ್ಲಿ ನಮ್ಮ ಬಯಲುಸೀಮೆಯವರೇ ಮುಂದು. "ನಮ್ಮ ಆಣೆ, ಇನ್ನೊಂದು ಹೋಳಿಗೆ" ಎಂದು ಎಲೆಗೆ ಇಳಿಸಿಬಿಡುತ್ತೇವೆ. ಎಲೆಗೆ ಬಂದದ್ದು ಪ್ರಸಾದ, ಅದನ್ನು ಬಿಡಬಾರದೆಂಬ ಭಾವ ಉಣ್ಣುವವರಲ್ಲಿ ಗಟ್ಟಿಯಾಗಿರುತ್ತದೆ. ಹೀಗೆ ಬಡಿಸುವವರ ಪ್ರೀತಿ, ಉಣ್ಣುವವರ ಭಕ್ತಿ ಎರಡೂ ಸೇರಿ ರೋಗಿಯ ಮೇಲೆ ಭಾರವಾಗುತ್ತವೆ. ಪ್ರಸಾದವನ್ನು ಕೆಡಿಸಬಾರದೆಂದರೆ ಕೇಳದೆ ಬಡಿಸಬಾರದೆಂದೂ ಅರ್ಥ. ಪಾತ್ರೆಗಳನ್ನು ನಡುವೆ ಇಟ್ಟು, ಬೇಕಾದಷ್ಟನ್ನು ತಾವೇ ಹಾಕಿಕೊಳ್ಳುವಂತೆ ಬಿಟ್ಟರೆ ಎಲ್ಲರಿಗೂ ನೆಮ್ಮದಿ. ಮಕ್ಕಳೂ ಬೇಗ ಕಲಿಯುತ್ತಾರೆ.

ಮಳೆಗಾಲದಲ್ಲಿ ಬಾವಿಗೆ ಹೊರಗಿನ ಕೊಳಕು ನೀರು ಸೇರುವುದರಿಂದ ಕಾಮಾಲೆ, ವಿಷಮಶೀತಜ್ವರಗಳು ಹರಡಬಲ್ಲವು; ಕುಡಿಯುವ ನೀರಿನಂತೆ ತಂಬುಳಿಗೆ, ಮಜ್ಜಿಗೆಗೆ ಬೆರೆಸುವ ನೀರನ್ನೂ ಕುದಿಸಿ ಆರಿಸಬೇಕು. ಉಳಿದ ಅನ್ನವನ್ನು ರಾತ್ರಿಯಿಡೀ ಹೊರಗಿಡಬಾರದು. ಬೇಯಿಸಿದರೂ ಸಾಯದ ಕೆಲವು ಸೂಕ್ಷ್ಮಾಣುಗಳು ಅದರಲ್ಲಿ ಬೆಳೆದು ವಿಷ ಉಂಟುಮಾಡುತ್ತವೆ. ಮರುದಿನ ಬಿಸಿಮಾಡಿದರೂ ಆ ವಿಷ ಹೋಗದು. ಎರಡು ಗಂಟೆಯೊಳಗೆ ಅಗಲವಾದ ಪಾತ್ರೆಯಲ್ಲಿ ಹರಡಿ ಆರಿಸಿ ಫ್ರಿಜ್‌ಗೆ ಸೇರಿಸಬೇಕು. ಉಳಿದ ಕೊಟ್ಟಿಗೆಯನ್ನೂ ಹಾಗೆಯೇ ಇಟ್ಟು, ಬೆಳಿಗ್ಗೆ ಪುಡಿಮಾಡಿ ಸಾಸಿವೆ, ಕರಿಬೇವಿನ ಒಗ್ಗರಣೆಯಲ್ಲಿ ಚೆನ್ನಾಗಿ ಬಿಸಿಮಾಡಿದರೆ ಮರುದಿನದ ಉಪಾಹಾರವಾಗುತ್ತದೆ.