ಇಪ್ಪತ್ತೆಂಟು ಗುಳಿಗೆಗಳ ಪಟ್ಟಿ

ಗರ್ಭನಿರೋಧಕ ಗುಳಿಗೆಗಳ ವಿಷಯವೆತ್ತಿದರೆ ನಮ್ಮಲ್ಲಿ ಬಹುಮಂದಿಗೆ ಸಂಕೋಚ. ಆ ಸಂಕೋಚದ ದೆಸೆಯಿಂದ ಅವುಗಳ ಪೊಟ್ಟಣದ ಮೇಲೆ ಅಚ್ಚಾಗಿರುವುದನ್ನು ಓದುವವರೂ ವಿರಳ. ತಲೆನೋವಿನ ಗುಳಿಗೆಯನ್ನು ಪಟ್ಟಿಯ ಯಾವ ಮೂಲೆಯಿಂದ ಕಿತ್ತುಕೊಂಡರೂ ಒಂದೇ. ಈ ಗುಳಿಗೆಗಳಿಗಾದರೋ ಕ್ರಮವುಂಟು, ದಿಕ್ಕುಂಟು. ಇಲ್ಲಿ ಪೊಟ್ಟಣವು ಕೇವಲ ಹೊದಿಕೆಯಲ್ಲ, ಔಷಧದ ಒಂದು ಅಂಗ. ಅದು ಹೇಗೆಂಬುದನ್ನು ವಿಚಾರಿಸೋಣ.

ಸಂಯುಕ್ತ ಗುಳಿಗೆಯನ್ನು ಒಂದು ದಿನವೂ ತಪ್ಪದೆ ಸೇವಿಸಿದಲ್ಲಿ, ವರ್ಷವೊಂದರಲ್ಲಿ ಸಾವಿರ ಸ್ತ್ರೀಯರ ಪೈಕಿ ಸುಮಾರು 3 ಮಂದಿಗೆ ಮಾತ್ರ ಗರ್ಭ ನಿಲ್ಲುತ್ತದೆ. ಸಾಮಾನ್ಯ ಬಳಕೆಯಲ್ಲಿ ಈ ಸಂಖ್ಯೆ ಸುಮಾರು 70ಕ್ಕೆ ಏರುತ್ತದೆ. ಔಷಧ ಎರಡು ಕಡೆಯೂ ಒಂದೇ. ಈ ಅಂತರಕ್ಕೆ ಮುಖ್ಯ ಕಾರಣ ಮರೆವು ಮತ್ತು ಕ್ರಮಭಂಗ.

ಈ ತೊಡಕನ್ನು ಮೊದಲು ಬಿಡಿಸಲು ಯತ್ನಿಸಿದವರಲ್ಲಿ ಒಬ್ಬ ಇಂಜಿನಿಯರ್ ಇದ್ದನೆಂಬುದು ಭೌತಶಾಸ್ತ್ರದವರಾದ ನಮಗೆ ಸಂತೋಷದ ಸಂಗತಿ. 1960ರಲ್ಲಿ ಅಮೆರಿಕದಲ್ಲಿ ‘ಎನೊವಿಡ್’ ಎಂಬ ಗುಳಿಗೆಗೆ ಗರ್ಭನಿರೋಧಕವಾಗಿ ಅನುಮತಿ ದೊರೆಯಿತು. ಅದು ಬರುತ್ತಿದ್ದುದು ಸಾಧಾರಣ ಸೀಸೆಯಲ್ಲಿ. ಈ ದಿನದ ಗುಳಿಗೆ ನುಂಗಿದ್ದಾಯಿತೇ ಇಲ್ಲವೇ ಎಂಬುದನ್ನು ಸೀಸೆ ಹೇಳಲಾರದು. ಇಲಿನಾಯ್ ಪ್ರಾಂತದ ಡೇವಿಡ್ ವ್ಯಾಗ್ನರ್ ವಾರದ ದಿನಗಳನ್ನು ಕಾಗದದ ಮೇಲೆ ಬರೆದು, ಪತ್ನಿಯ ಗುಳಿಗೆಗಳನ್ನು ಅದರ ಮೇಲೆ ಸಾಲಾಗಿ ಇರಿಸಿದನು. ಒಂದು ದಿನ ಎಲ್ಲವೂ ಚೆಲ್ಲಿಹೋದವು. ಆಗ ಆತ ಪ್ಲಾಸ್ಟಿಕ್ ಬಿಲ್ಲೆಗಳನ್ನು ಕೊರೆದು, ತಿರುಗಿಸಿದಂತೆ ದಿನಕ್ಕೊಂದೇ ಗುಳಿಗೆ ಹೊರಬರುವ ಡಬ್ಬಿಯೊಂದನ್ನು ರಚಿಸಿದನು. 1964ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. ಖಾಲಿಯಾದ ಗುಳಿಯೇ ಸಾಕ್ಷಿಯಾಗುವ ಇಂದಿನ ಪಟ್ಟಿ ಅದೇ ವಿಚಾರದ ಅಗ್ಗದ ರೂಪ.

ನಮ್ಮ ದೇಶದ ಮಾಲಾ-ಎನ್ ಪಟ್ಟಿಯನ್ನೇ ನೋಡೋಣ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಇದು ಉಚಿತವಾಗಿ ದೊರೆಯುತ್ತದೆ. 28 ಗುಳಿಗೆಗಳಲ್ಲಿ 21 ಬಿಳಿಯವು. ಒಂದೊಂದರಲ್ಲಿಯೂ ಲೆವೊನಾರ್‌ಜೆಸ್ಟ್ರೆಲ್ 0.15 ಮಿಲಿಗ್ರಾಂ, ಎಥಿನೈಲ್ ಎಸ್ಟ್ರಾಡಯಾಲ್ 0.03 ಮಿಲಿಗ್ರಾಂ. ಎರಡು ಹಾರ್ಮೋನುಗಳಿರುವುದರಿಂದಲೇ ‘ಸಂಯುಕ್ತ’ ಎಂಬ ಹೆಸರು. ಉಳಿದ ಏಳರಲ್ಲಿ ಹಾರ್ಮೋನಿಲ್ಲ. ಕಬ್ಬಿಣದ ಲವಣವಾದ ಫೆರಸ್ ಫ್ಯೂಮರೇಟ್ ಉಂಟು. ನಿತ್ಯದ ಅಭ್ಯಾಸ ಕಡಿಯದಿರಲೆಂದು ಅವನ್ನು ಸೇರಿಸಿದ್ದಾರೆ. ರಕ್ತಹೀನತೆ ವ್ಯಾಪಕವಾಗಿರುವ ನಮ್ಮ ನಾಡಿನಲ್ಲಿ ಕಬ್ಬಿಣವೂ ವ್ಯರ್ಥವಲ್ಲ.

ಇಲ್ಲಿ ಸೂಕ್ಷ್ಮವೊಂದಿದೆ. ಹಾರ್ಮೋನುಗಳು ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯನ್ನು ಅಡಗಿಸಿ, ಅಂಡಾಶಯದಿಂದ ಅಂಡವು ಹೊರಬೀಳದಂತೆ ತಡೆಯುತ್ತವೆ. ಏಳು ದಿನಗಳ ಬಿಡುವಿನಲ್ಲಿ ಗ್ರಂಥಿ ಮೆಲ್ಲನೆ ಎಚ್ಚರಗೊಳ್ಳುತ್ತದೆ, ಅಂಡಕೋಶ ಬೆಳೆಯತೊಡಗುತ್ತದೆ. ಅದು ಪಕ್ವವಾಗುವ ಮುನ್ನ ಹೊಸ ಪಟ್ಟಿಯ ಮೊದಲ ಗುಳಿಗೆ ಒಳಗೆ ಹೋಗಬೇಕು. ಆದುದರಿಂದ ನಡುವಿನ ಒಂದು ಗುಳಿಗೆ ತಪ್ಪಿದುದಕ್ಕಿಂತ ಹೊಸ ಪಟ್ಟಿಯನ್ನು ತಡವಾಗಿ ಆರಂಭಿಸುವುದು ಹೆಚ್ಚು ಅಪಾಯಕರ. ಕಬ್ಬಿಣದ ಗುಳಿಗೆ ತಪ್ಪಿದರೆ ಬಾಧಕವಿಲ್ಲ, ದಿನದ ಲೆಕ್ಕ ಕೆಡಬಾರದಷ್ಟೆ. ಬಿಳಿಯದೊಂದು ತಪ್ಪಿದರೆ ನೆನಪಾದೊಡನೆ ಸೇವಿಸಬೇಕು. ಎರಡು ಅಥವಾ ಹೆಚ್ಚು ತಪ್ಪಿದಲ್ಲಿ, ಮತ್ತೆ ಏಳು ದಿನ ಸತತವಾಗಿ ಬಿಳಿಯ ಗುಳಿಗೆಗಳನ್ನು ಸೇವಿಸುವವರೆಗೆ ನಿರೋಧ್‌ನಂಥ ಬೇರೆ ಉಪಾಯವೂ ಅಗತ್ಯ.

ದಶಮಾಂಶ ಬಿಂದುವನ್ನು ಅಲಕ್ಷಿಸುವ ವಿದ್ಯಾರ್ಥಿಗಳಿಗೆ ಒಂದು ಮಾತು. ತುರ್ತು ಸಂದರ್ಭದ ಗುಳಿಗೆಯಲ್ಲಿಯೂ ಇದೇ ಲೆವೊನಾರ್‌ಜೆಸ್ಟ್ರೆಲ್ ಇರುವುದುಂಟು. ಪ್ರಮಾಣ ಮಾತ್ರ 1.5 ಮಿಲಿಗ್ರಾಂ. ಬಿಂದು ಒಂದೇ ಸ್ಥಾನ ಸರಿದಿದೆ, ಪ್ರಮಾಣ ಹತ್ತು ಮಡಿಯಾಗಿದೆ, ಉದ್ದೇಶವೇ ಬೇರೆಯಾಗಿದೆ. ಲಖ್ನೋದ ಕೇಂದ್ರೀಯ ಔಷಧ ಸಂಶೋಧನಾಲಯದಲ್ಲಿ ರೂಪುಗೊಂಡ ‘ಛಾಯಾ’ ಗುಳಿಗೆಯಲ್ಲಿ ಈ ಹಾರ್ಮೋನುಗಳಾವುವೂ ಇಲ್ಲ. ಅದನ್ನು ಮೊದಲ ಮೂರು ತಿಂಗಳು ವಾರಕ್ಕೆ ಎರಡು ಬಾರಿ, ಅನಂತರ ಒಂದು ಬಾರಿ ಸೇವಿಸಬೇಕು. ಹೆಸರನ್ನಷ್ಟೇ ಕೇಳಿ ಒಂದರ ಬದಲು ಇನ್ನೊಂದನ್ನು ಕೊಳ್ಳುವಂತಿಲ್ಲ.

ಪೊಟ್ಟಣದೊಳಗಿನ ಮಡಿಸಿದ ಕಾಗದಕ್ಕೂ ಚರಿತ್ರೆಯಿದೆ. ರಕ್ತ ಹೆಪ್ಪುಗಟ್ಟುವ ಅಪಾಯವನ್ನು ಕುರಿತು 1970ರಲ್ಲಿ ಅಮೆರಿಕದ ಸೆನೆಟ್ಟಿನಲ್ಲಿ ವಿಚಾರಣೆ ನಡೆದಾಗ, ಗುಳಿಗೆ ಸೇವಿಸಿದ ಸ್ತ್ರೀಯರನ್ನೇ ಸಾಕ್ಷ್ಯಕ್ಕೆ ಕರೆದಿಲ್ಲವೆಂದು ಸಭಾಂಗಣದಲ್ಲಿದ್ದ ಸ್ತ್ರೀಯರು ಎದ್ದು ಪ್ರತಿಭಟಿಸಿದರು. ರೋಗಿಯೇ ಓದತಕ್ಕ ಸೂಚನಾಪತ್ರ ಪೊಟ್ಟಣದಲ್ಲಿರಬೇಕೆಂದು ಅದೇ ವರ್ಷ ವಿಧಿಸಲಾಯಿತು. ಇಂದು ಅಂಥ ಕಾಗದಗಳು ಹೇಳುವುದರಲ್ಲಿ ಮುಖ್ಯವಾದುದಿಷ್ಟು: 35 ವರ್ಷ ಮೀರಿ ಧೂಮಪಾನ ಮಾಡುವವರು ಇದನ್ನು ಸೇವಿಸಬಾರದು, ಕಾಲಿನಲ್ಲಿ ಊತನೋವು, ಎದೆನೋವು, ಹಠಾತ್ತಾದ ತೀವ್ರ ತಲೆನೋವು, ದೃಷ್ಟಿ ಮಂಜಾಗುವಿಕೆ ಕಂಡಲ್ಲಿ ಕೂಡಲೇ ವೈದ್ಯರನ್ನು ಕಾಣಬೇಕು, ಕ್ಷಯರೋಗದ ಔಷಧವಾದ ರಿಫಾಂಪಿಸಿನ್ ಗುಳಿಗೆಯ ಬಲವನ್ನು ಕುಗ್ಗಿಸುತ್ತದೆ. ಇಂಥ ಜೀವನ್ಮರಣದ ಮಾತುಗಳನ್ನು ಸಾಸಿವೆಗಾತ್ರದ ಅಕ್ಷರಗಳಲ್ಲಿ ಅಚ್ಚುಹಾಕುವ ಪದ್ಧತಿಯನ್ನು ನಾವು ಒಪ್ಪಲಾರೆವು.

ಕೊನೆಗೆ, ಅವಧಿ ಮುಗಿಯುವ ತಿಂಗಳು ಮತ್ತು ತಯಾರಿಕೆಯ ತಂಡದ ಸಂಖ್ಯೆ, ಅಂದರೆ ಬ್ಯಾಚ್ ನಂಬರು. ಎರಡನೆಯದು ಏಕೆಂದು ಕೇಳಬಹುದು. 2012ರಲ್ಲಿ ಫೈಜರ್ ಕಂಪನಿ ಅಮೆರಿಕದ ಮಾರುಕಟ್ಟೆಯಿಂದ ಸುಮಾರು 10 ಲಕ್ಷ ಪೊಟ್ಟಣಗಳನ್ನು ಹಿಂದಕ್ಕೆ ಕರೆಯಿಸಿಕೊಂಡಿತು. ಗುಳಿಗೆಗಳಲ್ಲಿ ದೋಷವಿರಲಿಲ್ಲ, ಕೆಲವು ಪಟ್ಟಿಗಳಲ್ಲಿ ಹಾರ್ಮೋನಿರುವವೂ ಇಲ್ಲದವೂ ಕ್ರಮತಪ್ಪಿ ಸೇರಿದ್ದವು. ತನ್ನ ಕೈಯಲ್ಲಿರುವುದು ಆ ತಂಡದ್ದೇ ಎಂದು ತಿಳಿಯಲು ಸ್ತ್ರೀಯೊಬ್ಬಳಿಗಿದ್ದ ದಾರಿ ಪೊಟ್ಟಣದ ಅಂಚಿನಲ್ಲಿ ಅಚ್ಚಾದ ಆ ಸಂಖ್ಯೆಯೇ.