ರೀಲಿಗೆ ಎಷ್ಟು ಸುತ್ತು?

ಉಯ್ಯಂಬಳ್ಳಿ ಕಡೆಯ ರೇಷ್ಮೆ ಬೆಳೆಗಾರರಿಗೆ ‘ರೀಲ್’ ಹೊಸ ಪದವಲ್ಲ. ಫೋನಿಗೆ ಬರುವುದಕ್ಕೆ ಎಷ್ಟೋ ಮೊದಲೇ ಅದು ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿತ್ತು.

ಅಲ್ಲಿ ಹರಾಜಿನಲ್ಲಿ ಗೂಡು ಕೊಳ್ಳುವವರೇ ರೀಲರ್‌ಗಳು. ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿದರೆ ಅಂಟು ಸಡಿಲವಾಗಿ ಎಳೆಯ ತುದಿ ಸಿಗುತ್ತದೆ. ಒಂದೇ ಗೂಡಿನಲ್ಲಿ ನೂರಾರು ಮೀಟರ್ ಎಳೆ! ಆದರೆ ಕೂದಲಿಗಿಂತ ತೆಳು. ಹಾಗಾಗಿ ಹಲವು ಗೂಡುಗಳ ಎಳೆ ಕೂಡಿಸಿ ಸುತ್ತುತ್ತಾರೆ. ಇದೇ ರೀಲಿಂಗ್.

ಟೈಲರ್ ಅಂಗಡಿಯಲ್ಲಿ ದಾರ ಸುತ್ತಿಟ್ಟದ್ದೂ ರೀಲೇ. ಸಿನಿಮಾದ್ದೂ ಅದೇ ಕಥೆ: ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣವಾದ ‘ಶೋಲೆ’ 1975ರಲ್ಲಿ ಥಿಯೇಟರಿಗೆ ಬಂದದ್ದು ರೀಲುಗಳಲ್ಲೇ.

2020ರಲ್ಲಿ ಇನ್‌ಸ್ಟಾಗ್ರಾಂ ಪುಟ್ಟ ವಿಡಿಯೊಗೆ ಈ ಹೆಸರಿಟ್ಟಿತು. ಪಾಪ, ಸುತ್ತಲು ಅಲ್ಲಿ ಏನೂ ಇಲ್ಲ.

ಇನ್ನು ಬುರುಡೆ ಬಿಡುವವನಿಗೆ ಊರಿನವರು ಹೇಳುವುದಂತೂ ಗೊತ್ತೇ ಇದೆ: “ರೀಲು ಬಿಡ್ಬೇಡ ಕಣ್ಲಾ!”